ಕೊಟ್ರಬಸಪ್ಪ ಬಲ್ಬನ್ನು ನೀರಿಗೆ ಬಿಟ್ಟದ್ದು

ದೇವರು ಮನುಷ್ಯನಿಗೆ ಬುದ್ಧಿಯನ್ನೇನೋ ಕೊಟ್ಟ, ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ಹೇಳುವುದನ್ನು ಮರೆತ. ಹಾಗಾಗಿ ಒಬ್ಬೊಬ್ಬರು ಒಂದೊಂದು ಕಡೆ ಇಟ್ಟುಕೊಂಡಿದ್ದಾರೆ. ಚನ್ನಗಿರಿಯ ನಮ್ಮ ಬೀದಿಯ ಕಿರಾಣಿ ಅಂಗಡಿ ಕೊಟ್ರಬಸಪ್ಪ ತನ್ನ ಪಾಲಿನದನ್ನು ಬಹಳ ಜೋಪಾನವಾಗಿ ಎಲ್ಲೋ ಎತ್ತಿಟ್ಟು, ಎಲ್ಲಿಟ್ಟೆನೆಂಬುದನ್ನು ಮರೆತಿದ್ದ. ಆದರೆ ಮನುಷ್ಯ ಒಳ್ಳೆಯವನು. ಬೆಲ್ಲ ತೂಗುವಾಗ ತಕ್ಕಡಿ ಗಿರಾಕಿಯ ಕಡೆ ವಾಲಿದರೆ ಅದನ್ನು ನೋಡಿಕೊಂಡು ನಗುತ್ತಾ ಕೂರುವಷ್ಟು ಒಳ್ಳೆಯವನು.

ಆಗ ದೊಡ್ಡ ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಊರಿಗೆ ಊರೇ ಹರಳೆಣ್ಣೆಯ ಹಣತೆಗೆ ಮರಳಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಬೀದಿಗೆಲ್ಲ ಮೊದಲು ಲೈಟು ಹಾಕಿಸಿಕೊಂಡವನು ಕೊಟ್ರಬಸಪ್ಪ. ಲೈಟು ಎಂದರೆ ಒಂದೇ ಒಂದು ಬಲ್ಬು. ಪಡಸಾಲೆಯ ತೊಲೆಯಿಂದ ಇಳಿಬಿಟ್ಟಿತ್ತು. ಸಂಜೆ ಕರೆಂಟು ಬಂದ ಕೂಡಲೇ ಅದು ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ನಿದ್ದೆಯಿಂದ ಏಳುವ ಮಗುವಿನಂತೆ ಅನುಮಾನಿಸುತ್ತಾ ಕಣ್ಣು ಬಿಡುತ್ತಿತ್ತು. ಕೊಟ್ರಬಸಪ್ಪ ಅದರ ಕೆಳಗೆ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಸುಮ್ಮನೆ ಕೂರುತ್ತಿದ್ದ. ಓದಲು ಬರೆಯಲು ಏನೂ ಇರಲಿಲ್ಲ. ಬೆಳಕಿನಲ್ಲಿ ಕೂರುವುದೇ ಒಂದು ಉದ್ಯೋಗವಾಗಿತ್ತು.

ಆದರೆ ಆ ಬೆಳಕಿನ ನಿಜವಾದ ಲಾಭ ಆದದ್ದು ಅವನ ತಾಯಿ ಕಲ್ಲಮ್ಮನಿಗೆ. ಮುದುಕಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಣತೆಯ ಬೆಳಕಿನಲ್ಲಿ ಅವಳಿಗೆ ಮನುಷ್ಯರೆಲ್ಲ ಓಡಾಡುವ ಕಂಬಗಳು. ಹಗಲ ಬಿಸಿಲಿಗೆ ಕಣ್ಣು ಚುಚ್ಚಿ ನೀರು ಬರುತ್ತಿತ್ತು. ಬಲ್ಬಿನ ಬೆಳಕು ಮಾತ್ರ ಅದು ಹೇಗೋ ಅವಳ ಕಣ್ಣಿಗೆ ಹಿತವಾಗಿ ಕೂತಿತು. ಮೊದಲ ಸಂಜೆ ಅವಳು ಮಗನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದವಳೇ ಗಾಬರಿಯಾದಳು.

"ಕೊಟ್ರಾ, ನಿನ್ನ ತಲೆಗೂದಲು ಎಲ್ಲೋ?"

"ಹೋಗಿ ಬಾಳ ವರ್ಷ ಆತವ್ವ."

"ಹೆತ್ತ ತಾಯಿಗೆ ಒಂದು ಮಾತು ಹೇಳಬಾರದೇನೋ!"

ಅಂದಿನಿಂದ ಕಲ್ಲಮ್ಮ ಬೀದಿಯವರನ್ನೆಲ್ಲ ಒಬ್ಬೊಬ್ಬರಾಗಿ ಬಲ್ಬಿನ ಕೆಳಗೆ ಕೂರಿಸಿಕೊಂಡು, ಗದ್ದ ಹಿಡಿದು ನೋಡತೊಡಗಿದಳು. ಇದು ಬೀದಿಯಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. "ಕಲ್ಲಮ್ಮನ ಹತ್ರ ನೋಡಿಸ್ಕಂಡು ಬಂದ್ಯಾ?" ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಕೇಳುತ್ತಿದ್ದರು. ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟುಕೊಂಡು ಹೋಗುತ್ತಿದ್ದರು. ಸ್ವಂತ ಗಂಡಂದಿರು ಎಂದೂ ಅಷ್ಟು ಹೊತ್ತು ಅವರ ಮುಖ ನೋಡಿರಲಿಲ್ಲವಾದ್ದರಿಂದ ಕೆಲವರು ಎರಡು ಮೂರು ಸಲ ಹೋದದ್ದೂ ಉಂಟು. ಎದುರುಮನೆಯ ಬಳೆಗಾರ ಇಮಾಮ್‌ಸಾಬ್ ಕೂಡ ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು ಹೋಗಿ ಕೂತ. ಕಲ್ಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಮಾಮಾ, ಇಷ್ಟು ವರ್ಷ ನಿನ್ನ ದನಿ ಕೇಳಿ ನೀನು ಎತ್ತರದ ಆಳು ಅಂದ್ಕಂಡಿದ್ದೆನಲ್ಲೋ" ಎಂದಳು. ಅವನು ವಾರದವರೆಗೆ ನೆಟ್ಟಗೆ ನಡೆದ.

ಹೀಗಿರುವಾಗ ಜಗಳೂರಿನಿಂದ ಒಂದು ಸುದ್ದಿ ಬಂತು. ಕಲ್ಲಮ್ಮನ ತಂಗಿ ತಿಪ್ಪಮ್ಮ ಬರುವ ಸೋಮವಾರ ಬಸ್ಸಿಗೆ ಬರುತ್ತಾಳೆ. ಅಕ್ಕತಂಗಿಯರು ಕಣ್ತುಂಬ ನೋಡಿಕೊಂಡು ಎಷ್ಟೋ ಕಾಲವಾಗಿತ್ತು. ತಿಪ್ಪಮ್ಮನಿಗೆ ಮಂಡಿನೋವು, ಕಲ್ಲಮ್ಮನಿಗೆ ಕಣ್ಣಿನ ಪೊರೆ. ಒಬ್ಬಳಿಗೆ ಬರಲಾಗದು, ಇನ್ನೊಬ್ಬಳಿಗೆ ಹೋಗಲಾಗದು.

"ನನ್ನ ಕಣ್ಣು ಪೂರಾ ಮುಚ್ಚೋದ್ರಾಗೆ ತಿಪ್ಪಿ ಮುಖ ಒಂದು ಸಲ ನೋಡ್ಬೇಕು ಕೊಟ್ರಾ. ಈ ಲೈಟಿನ ಬುಡದಾಗೆ ಕೂರಿಸ್ಕಂಡು ನೋಡ್ತೀನಿ. ಆಮೇಲೆ ಈ ಕಣ್ಣು ಇದ್ರೇನು, ಹೋದ್ರೇನು" ಎಂದಳು ಕಲ್ಲಮ್ಮ. ಕೊಟ್ರಬಸಪ್ಪ, "ಅದಕ್ಕೇನವ್ವ, ಲೈಟು ನಮ್ಮದೇ ಅಲ್ಲೇನು" ಎಂದು ಎದೆ ಮುಟ್ಟಿಕೊಂಡ. ಮಾರನೆಯ ಸಂಜೆಯೇ ಬಲ್ಬು ಒಂದು ಸಲ ನೀಲಿಯಾಗಿ ಮಿಂಚಿ ಹೋಗಿಬಿಟ್ಟಿತು.

"ಬಲ್ಬು ಸತ್ತೈತೆ!" ಎಂದು ಕೊಟ್ರಬಸಪ್ಪ ಕೂಗಿದ.

"ದೀಪಕ್ಕೆ ಹಂಗನ್ನಬಾರದು, ಬಾಯಿ ತೊಳಕೋ" ಎಂದು ತಾಯಿ ಗದರಿದಳು. ಅವನು ಬಾಯಿ ತೊಳೆದು, ಕಂಬಳಿ ಹೊದ್ದು, ಮರದ ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಬಲ್ಬನ್ನು ಬಿಚ್ಚಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಚಿಣ್ ಚಿಣ್ ಎಂದಿತು.

ಅವನ ಮುಖ ಬಿಳಿಚಿಕೊಂಡಿತು. "ಒಳಗೆ ಇನ್ನೂ ಕರೆಂಟು ಉಳ್ಕಂಡೈತೆ!"

ಇದನ್ನು ಕೇಳಿ ನಗುವವರು ನಗಲಿ. ಆದರೆ ಕಿರಾಣಿ ಅಂಗಡಿಯಲ್ಲಿ ಹುಟ್ಟಿ ಬೆಳೆದವನ ಲೆಕ್ಕ ಬೇರೆ. ಎಣ್ಣೆ ಡಬ್ಬವನ್ನು ಎಷ್ಟೇ ಬಸಿದರೂ ತಳದಲ್ಲಿ ಪಾವು ಎಣ್ಣೆ ನಿಂತೇ ನಿಲ್ಲುತ್ತದೆ. ಬೆಲ್ಲದ ಪೆಂಟೆಯನ್ನು ಎಷ್ಟೇ ಕೆರೆದರೂ ಇರುವೆಗೆ ಏನೋ ಸಿಗುತ್ತದೆ. ಅಂದಮೇಲೆ ಇಷ್ಟು ದಿನ ಸಂಜೆ ಸಂಜೆ ಕರೆಂಟು ಕುಡಿದ ಬಲ್ಬಿನಲ್ಲಿ ಏನೂ ಉಳಿದಿಲ್ಲ ಎಂದರೆ ಯಾವ ವ್ಯಾಪಾರಿ ಒಪ್ಪುತ್ತಾನೆ? ನಮ್ಮ ಬೀದಿಯವರೆಲ್ಲ ಅವನ ಮಾತನ್ನು ಒಪ್ಪಿದರು. ಅಲ್ಲಾಡಿಸಿದಾಗ ಸದ್ದು ಬೇರೆ ಬರುತ್ತಿತ್ತಲ್ಲ.

ಆ ಸಂಜೆ ಜಗಲಿಯಲ್ಲಿ ಪಂಚಾಯ್ತಿ ಕೂತಿತು. ಬಲ್ಬು ನಡುವೆ ಕಂಬಳಿಯ ಮೇಲೆ ಮಲಗಿತ್ತು.

"ತಿಪ್ಪೆಗೆ ಹಾಕ್ರಿ" ಎಂದರು ಒಬ್ಬರು. ಮಕ್ಕಳು ಮರಿ ಬರಿಗಾಲಲ್ಲಿ ಓಡಾಡುವ ಜಾಗ, ಗಾಜು ಚುಚ್ಚಿದರೆ ಯಾರು ಹೊಣೆ? ಅದೂ ಕರೆಂಟಿನ ಗಾಜು.

"ಹೂಳಿಬಿಡೋಣ. ನಮ್ಮಾಗೆ ಹೂಳೋದೇ ಪದ್ಧತಿ" ಎಂದ ಕೊಟ್ರಬಸಪ್ಪ.

"ನಮ್ಮಾಗೂ ಅಷ್ಟೇ" ಎಂದ ಇಮಾಮ್‌ಸಾಬ್. ಎರಡು ಧರ್ಮಗಳು ಇಷ್ಟು ಬೇಗ ಒಂದು ಮಾತಿಗೆ ಬಂದದ್ದನ್ನು ನೋಡಿ ಎಲ್ಲರಿಗೂ ಸಂತೋಷವಾಯಿತು. ಆದರೆ ಕೊಟ್ರಬಸಪ್ಪನ ಹೆಂಡತಿ ಕಸ್ತೂರಮ್ಮ ಬಾಗಿಲ ಹಿಂದಿನಿಂದ, "ಹಿತ್ಲಾಗೆ ಹೂತ್ರೆ ಕರೆಂಟು ಬಾವಿಗೆ ಇಳೀತೈತೆ. ನಾಳೆ ನೀರು ಸೇದೋರು ಹಗ್ಗ ಹಿಡ್ಕಂಡು ಕುಣೀಬೇಕಾಗ್ತದೆ" ಎಂದಳು. ಹೂಳುವ ಮಾತು ಅಲ್ಲಿಗೇ ನಿಂತಿತು.

"ಸಾಬ್ರೇ, ನಿಮ್ಮ ಒಡದ ಬಳೆ ಚೀಲಕ್ಕೆ ಹಾಕ್ಕಳ್ರಿ. ನೀವು ಹೆಂಗೂ ಬಳೆಚೂರು ಕೂಡಿಸಿ ಕರಗಿಸೋರಿಗೆ ಕಳಿಸ್ತೀರಲ್ಲ. ಗಾಜಿಗೆ ಗಾಜು" ಎಂದರು ಇನ್ನೊಬ್ಬರು.

ಇಮಾಮ್‌ಸಾಬ್ ಒಂದು ಮಾರು ಹಿಂದಕ್ಕೆ ಸರಿದ. "ಚೂರು ಆಗ್ಬೇಕಾದ್ರೆ ಮೊದ್ಲು ಒಡೀಬೇಕಲ್ರಪ್ಪ? ಒಡೆದ್ರೆ ಒಳಗಿರೋದು ಹೊರಗೆ ಬರ್ತೈತಲ್ಲ? ನಾನು ಹೆಣ್ಮಕ್ಕಳ ಕೈಗೆ ಬಳೆ ತೊಡಿಸೋನು, ನನ್ನ ಕೈ ಸರಿ ಇರ್ಬೇಕು."

ಕಡೆಗೆ ತೀರ್ಪು ಕೊಟ್ಟವಳು ಕಲ್ಲಮ್ಮ. "ಮನೆ ಬೆಳಗಿದ್ದನ್ನ ತಿಪ್ಪೆಗೆ ಹಾಕೋ ಜನ ನಾವಲ್ಲ. ಹರಿಯೋ ನೀರಿಗೆ ಬಿಟ್ಟು ಬಾ. ಆಮೇಲೆ ಲೈಟಾಫೀಸಿಗೆ ಹೋಗಿ ಹೊಸಾದು ತಾ. ಸೋಮವಾರಕ್ಕೆ ಲೈಟು ಇದ್ರಾತು." ಅವಳು ತಡಕಿ ತಡಕಿ ಬಲ್ಬಿಗೆ ವಿಭೂತಿ ಹಚ್ಚಿದಳು. ಅಷ್ಟು ಜನರಲ್ಲಿ ಅದನ್ನು ಬರಿಗೈಯಲ್ಲಿ ಮುಟ್ಟಿದವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಕೊಟ್ರಬಸಪ್ಪ ಬಲ್ಬನ್ನು ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಇದ್ದಿಲು ಬಸ್ಸು ಹತ್ತಿದ. ಯುದ್ಧದಿಂದಾಗಿ ಪೆಟ್ರೋಲು ಇಲ್ಲದೆ ಬಸ್ಸುಗಳ ಬೆನ್ನಿಗೆ ಒಂದು ಒಲೆ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಗಾಳಿ ತಿರುವಿ, ಹೊಗೆಯ ಬಲದಿಂದ ಬಸ್ಸು ಹೊರಡುತ್ತಿತ್ತು. ಹೊರಟ ಮೇಲೂ ಅದಕ್ಕೆ ಹೋಗುವ ಮನಸ್ಸು ಇರುತ್ತಿರಲಿಲ್ಲ.

"ಸಾವ್ಕಾರ್ರೇ, ಈ ಬಿಸಿಲಾಗೆ ಕಂಬಳಿ ಯಾಕ್ರೀ?" ಕಂಡಕ್ಟರು ಕೇಳಿದ.

"ಒಳಗೆ ಬಲ್ಬು ಐತೆ."

"ಬಲ್ಬಿಗೆ ಚಳಿಯೇನ್ರೀ?"

"ಚಳಿ ಅಲ್ಲ ಮಾರಾಯ, ಕರೆಂಟು. ಒಳಗೆ ಉಳದೈತೆ."

ಮುಂದಿನ ನಿಲ್ದಾಣದ ಹೊತ್ತಿಗೆ ಬಸ್ಸಿನ ಜನವೆಲ್ಲ ಒಂದು ಪಕ್ಕಕ್ಕೆ ಸೇರಿ, ಬಸ್ಸು ವಾಲಿಕೊಂಡು ಓಡುತ್ತಿತ್ತು. ಏರು ಬಂದಾಗ ಅದು ಎಂದಿನಂತೆ ನಿಂತಿತು. ಮುದುಕನೊಬ್ಬ, "ಕರೆಂಟು ಉಳದಿದ್ರೆ ಈ ಬಸ್ಸಿಗಾದ್ರೂ ಕಟ್ರಪ್ಪ, ಏರು ಹತ್ತಲಿ" ಎಂದ. ಕಂಡಕ್ಟರು ಆ ಸಲಹೆಯನ್ನು ಸ್ವಲ್ಪ ಹೊತ್ತು ಯೋಚಿಸಿದ್ದು ಕೊಟ್ರಬಸಪ್ಪನಿಗೆ ಕಂಡಿತು. ಅವನು ಕಂಬಳಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

ಸೂಳೆಕೆರೆಯ ಏರಿಯ ಹತ್ತಿರ ಇಳಿದು, ಕೆರೆಯದು ನಿಂತ ನೀರೆಂದು ಬಿಟ್ಟು, ನಾಲೆಯ ದಂಡೆಗೆ ಬಂದ. ಹೊತ್ತು ಇಳಿಯುತ್ತಿತ್ತು. ನೀರಿನ ಮೇಲೆ ಬಿಸಿಲು ಬೆಲ್ಲದ ಪಾಕದಂತೆ ಹರಡಿತ್ತು. ಕೊಟ್ರಬಸಪ್ಪ ಕೈಮುಗಿದು, ಕಂಬಳಿಯ ತುದಿಯಿಂದಲೇ ಬಲ್ಬನ್ನು ನೀರಿಗೆ ಇಳಿಸಿದ. ಅದು ಮುಳುಗುತ್ತದೆ ಎಂದು ಅವನ ಎಣಿಕೆ. ಅದು ಮುಳುಗಲಿಲ್ಲ. ಹಿತ್ತಾಳೆಯ ಬುಡ ಕೆಳಗೆ, ಗಾಜಿನ ತಲೆ ಮೇಲೆ ಮಾಡಿಕೊಂಡು, ಎರಡು ಸಲ ತಲೆಯಾಡಿಸಿ, ಸಂಜೆಯ ಬಿಸಿಲನ್ನೆಲ್ಲ ಹೊಟ್ಟೆಯೊಳಗೆ ತುಂಬಿಕೊಂಡು ತೇಲುತ್ತಾ ಹೊರಟಿತು. ಮತ್ತೆ ಹೊತ್ತಿಕೊಂಡಿತೇನೋ ಎಂಬ ಹಾಗೆ ಕಾಣುತ್ತಿತ್ತು. ಕೊಟ್ರಬಸಪ್ಪ ತಿರುವಿನಲ್ಲಿ ಅದು ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಮೂಗು ಒರೆಸಿಕೊಂಡು ಊರ ದಾರಿ ಹಿಡಿದ.

ಮಾರನೆಯ ದಿನ ಲೈಟಾಫೀಸಿನಲ್ಲಿ ಗುಮಾಸ್ತ ಬೈಲಪ್ಪ ಅವನನ್ನು ಮೂಗಿನ ಮೇಲಿನ ಕನ್ನಡಕದ ಮೇಲಿಂದ ನೋಡಿದ. ಬೈಲಪ್ಪ ಬಹಳ ಕಾಯಿದೆಯ ಮನುಷ್ಯ. ಸೀನು ಬಂದರೂ ಸುತ್ತ ನೋಡಿ, ಅಡ್ಡಿ ಇಲ್ಲವೆಂದು ಖಾತ್ರಿಯಾದ ಮೇಲೆ ಸೀನುತ್ತಿದ್ದ.

"ಹೊಸಾ ಬಲ್ಬು ಕೊಡೋಣ. ಹಳೇದೆಲ್ಲಿ?"

"ಹಳೇದು ಯಾಕ್ರೀ?"

"ಯುದ್ಧದ ಕಾಲ ಅಲ್ವೇನ್ರೀ. ಹಿತ್ತಾಳೆ ಸಿಗ್ತಿಲ್ಲ. ಹಳೇ ಬಲ್ಬು ತಂದು ಒಪ್ಪಿಸಿದೋರಿಗೆ ಮಾತ್ರ ಹೊಸಾದು. ಗಾಜು ಒಂದು ಕಡೆ, ಹಿತ್ತಾಳೆ ಒಂದು ಕಡೆ ಮಾಡಿ ಮೇಲಕ್ಕೆ ಕಳಿಸ್ತೀವಿ. ಹಳೇದು ಎಲ್ಲಿ?"

"ನೀರಿಗೆ ಬಿಟ್ಟೆ."

"ಏನಂದ್ರಿ?"

"ವಿಭೂತಿ ಹಚ್ಚಿ, ಹರಿಯೋ ನೀರಿಗೆ ಬಿಟ್ಟು ಬಂದೆ ಸ್ವಾಮಿ. ಒಳಗೆ ಕರೆಂಟು ಉಳ್ಕಂಡಿತ್ತು."

ಬೈಲಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಬಲ್ಬಿನಾಗೆ ಕರೆಂಟು ಉಳಿಯೋದಿಲ್ಲ ಕೊಟ್ರಬಸಪ್ಪನೋರೇ" ಎಂದು ಕಡೆಗೆ ನಿಟ್ಟುಸಿರು ಬಿಟ್ಟ. ಹಾಗೆಂದವನೇ, ಮೇಜಿನ ಮೇಲಿದ್ದ ಯಾರದೋ ಹಳೆಯ ಬಲ್ಬನ್ನು ಪಂಚೆಯ ಸೆರಗಿನಲ್ಲಿ ಹಿಡಿದೆತ್ತಿ ಮರದ ಬೀರುವಿನಲ್ಲಿಟ್ಟ. "ಯಾವುದಕ್ಕೂ ಹುಷಾರಾಗಿರ್ಬೇಕು" ಎಂದೂ ಸೇರಿಸಿದ.

"ನಮ್ಮ ಮನೆ ಬಲ್ಬಿನ ಬುಡದಾಗಿರೋ ಹಿತ್ತಾಳೆಯಿಂದ ಯುದ್ಧ ನಿಲ್ತದೇನ್ರೀ? ನಮ್ಮ ಅವ್ವಂಗೆ ಸೋಮವಾರ ತಂಗಿ ಮುಖ ನೋಡ್ಬೇಕ್ರೀ. ಅವಳ ಕಣ್ಣು ಇವತ್ತೋ ನಾಳೆಯೋ ಅನ್ನಂಗೈತೆ."

ಬೈಲಪ್ಪನ ಮುಖ ಸ್ವಲ್ಪ ಇಳಿಯಿತು. ಅವನಿಗೂ ತಾಯಿ ಇದ್ದಳು. ಆದರೆ ಕಾಯಿದೆಗೆ ತಾಯಿ ಇರಲಿಲ್ಲ. "ಹಳೇದು ತರ್ರಿ, ಆ ಚಣವೇ ಹೊಸಾದು ಕೊಡ್ತೀನಿ" ಎಂದ.

ಮನೆಯಲ್ಲಿ ಕಸ್ತೂರಮ್ಮ ಹಣೆ ಚಚ್ಚಿಕೊಂಡಳು. "ಊರೋರೆಲ್ಲ ಹಳೇದು ಕೊಟ್ಟು ಹೊಸಾದು ತರ್ತಾರೆ. ನೀವು ಹಳೇದನ್ನ ಬಸ್ಸಿನಾಗೆ ಮೆರವಣಿಗೆ ಮಾಡಿಸಿ ಕಳಿಸಿಕೊಟ್ಟು ಬಂದ್ರಿ! ಈಗ ಅತ್ತೆಗೆ ಏನು ಹೇಳ್ತೀರಿ?" ಅತ್ತೆಗೆ ಯಾರೂ ಏನೂ ಹೇಳಲಿಲ್ಲ. ಕಲ್ಲಮ್ಮ ಮೂಲೆಯಲ್ಲಿ ಕೂತು, ತಂಗಿಯ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇತ್ತೋ ಬಲಗೆನ್ನೆಯ ಮೇಲೋ ಎಂದು ತನ್ನಲ್ಲೇ ಚರ್ಚೆ ಮಾಡಿಕೊಳ್ಳುತ್ತಿದ್ದಳು.

ಕೊಟ್ರಬಸಪ್ಪ ಮತ್ತೆ ನಾಲೆಗೆ ಹೋದ. ದಂಡೆಯುದ್ದಕ್ಕೂ ನಡೆದ. ಸಿಕ್ಕವರನ್ನೆಲ್ಲ, "ಈ ಕಡೆ ಒಂದು ಬಲ್ಬು ಹೋಗಿದ್ದು ಕಂಡಿರೇನ್ರೀ?" ಎಂದು ಕೇಳಿದ. ಬಲ್ಬು ಎಂದರೇನೆಂದು ಅವರಿಗೆ ತಿಳಿಯದು. ಕೈಯಲ್ಲಿ ಗಾಳಿಯಲ್ಲೇ ಅದರ ಆಕಾರ ಮಾಡಿ ತೋರಿಸಿದ. ಬದನೆಕಾಯಿಯೋ ಎಂದು ಒಬ್ಬ ಕೇಳಿದ. ಎಮ್ಮೆ ತೊಳೆಯುತ್ತಿದ್ದವನೊಬ್ಬ ಬಿಳೀ ಬಾತುಮರಿಯೊಂದು ಒಂಟಿಯಾಗಿ ಹೋದದ್ದನ್ನು ಕಂಡಿದ್ದನಂತೆ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಮುದುಕಿ ಸೊಂಟ ನೆಟ್ಟಗೆ ಮಾಡಿ, "ಮೊನ್ನೆ ಹೊತ್ತು ಮುಳುಗೋ ಹೊತ್ತಿಗೆ ಚಂದ್ರಾಮ ನೀರಾಗೆ ಹೋದಂಗಾತು ಕಣಪ್ಪ. ಮ್ಯಾಲೆ ನೋಡಿದ್ರೆ ಅಲ್ಲೂ ಇದ್ದ. ಯಾಕೋ ಸುಮ್ನಾದೆ" ಎಂದಳು. ಕೊಟ್ರಬಸಪ್ಪ ಅವಳಿಗೆ ಕೈಮುಗಿದ. ಅವನ ಬಲ್ಬಿನ ಬಗ್ಗೆ ಅಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ. ಆದರೆ ಬಲ್ಬು ಸಿಗಲಿಲ್ಲ. ಅವನು ಕಾಲು ಎಳೆದುಕೊಂಡು ಮನೆಗೆ ಬಂದು, ಖಾಲಿ ಹೋಲ್ಡರಿನ ಕೆಳಗೆ ಅದೇ ಕುರ್ಚಿಯಲ್ಲಿ ಕೂತುಕೊಂಡ.

ಶನಿವಾರ ಸಂಜೆ, ಹಳ್ಳಿಗಳಿಗೆ ಬಳೆ ಮಾರಲು ಹೋಗಿದ್ದ ಇಮಾಮ್‌ಸಾಬ್ ಹೆಗಲ ಬಳೆಯ ಮಲಾರವನ್ನೂ ಇಳಿಸದೆ ಗಲಗಲ ಸದ್ದು ಮಾಡುತ್ತಾ ಓಡಿಬಂದ.

"ಕೊಟ್ರಣ್ಣಾ! ನಿನ್ನ ಬಲ್ಬು ಸಿಕ್ಕೈತೆ!"

"ಎಲ್ಲಿ?"

"ತ್ಯಾವಣಿಗೆಯಾಗೆ. ತೊಟ್ಟಿಲಾಗೆ!"

"ನನ್ನದೇ ಅಂತ ಹೆಂಗೆ ಗೊತ್ತು?"

"ಆ ಹಳ್ಳಿಯಾಗೆ ಲೈಟಿನ ಕಂಬಾನೇ ಇಲ್ಲ. ನೀರಾಗೆ ತೇಲಿ ಬಂದೈತೆ. ಬಲ್ಬನ್ನ ನೀರಿಗೆ ಬಿಡೋ ಇನ್ನೊಬ್ಬ ಈ ಸೀಮೆಯಾಗೆ ಇದ್ದಾನೇನು?"

ಭಾನುವಾರ ಇಬ್ಬರೂ ತ್ಯಾವಣಿಗೆಗೆ ಹೊರಟರು.

ಅದು ಹತ್ತಿ ಹಿಂಜುವವರ ಮನೆ. ಗಂಡಸರು ಹಾಸಿಗೆ ಹೊಲಿಯಲು ಪರಊರಿಗೆ ಹೋಗಿದ್ದರು. ಒಳಗೆಲ್ಲ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಹೆಂಚಿನ ಸಂದಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಅವು ಏರುತ್ತಾ ಇಳಿಯುತ್ತಾ ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ನಡುವೆ ಒಂದು ತೊಟ್ಟಿಲು. ತೊಟ್ಟಿಲ ಮೇಲೆ ದಾರದಲ್ಲಿ ನೇತಾಡುತ್ತಾ, ಬಿಸಿಲಲ್ಲಿ ಮಿನುಗುತ್ತಾ, ಚಿಣ್ ಚಿಣ್ ಎನ್ನುತ್ತಾ ನಮ್ಮ ಬೀದಿಯ ಬಲ್ಬು ತೂಗುತ್ತಿತ್ತು. ಕೆಳಗೆ ಒಂದು ಮಗು ಬಾಯಿ ತೆರೆದು ಮಲಗಿತ್ತು. ಇಮಾಮ್‌ಸಾಬ್‌ಗೆ ಆಕಳಿಕೆ ಬಂತು. ಕೊಟ್ರಬಸಪ್ಪನಿಗೂ ತಾನು ಯಾಕೆ ಬಂದೆನೆಂಬುದು ಒಂದು ಗಳಿಗೆ ಮರೆತುಹೋಯಿತು.

ಮಗುವಿನ ತಾಯಿ ಮೆಹರಾಜ್ ಬೇಗಂ ತುಟಿಯ ಮೇಲೆ ಬೆರಳಿಟ್ಟಳು. ಅವಳ ಅತ್ತೆ ಅಮೀರ್‌ಜಾನ್ ಮಾತ್ರ ಹತ್ತಿ ಹಿಂಜುವ ಬಿಲ್ಲಿನ ಪಕ್ಕದಿಂದ ಎದ್ದುಬಂದು ಪಿಸುದನಿಯಲ್ಲೇ ಗರ್ಜಿಸಿದಳು.

"ಮೂರು ತಿಂಗಳಿಂದ ಈ ಮಗು ಮಲಗಿರ್ಲಿಲ್ಲ. ಅದು ಮಲಗಿರ್ಲಿಲ್ಲ ಅಂದ್ರೆ ಈ ಓಣಿಯಾಗೆ ಯಾರೂ ಮಲಗಿರ್ಲಿಲ್ಲ. ಬಟ್ಟೆ ಒಗೆಯೋವಾಗ ನನ್ನ ಸೊಸೆಗೆ ಇದು ನಾಲೆಯಾಗೆ ಸಿಕ್ತು. ಅವತ್ತಿಂದ ನಿದ್ದೆ. ಈಗ ಯಾರಾದ್ರೂ ಇದನ್ನ ಎಬ್ಬಿಸಿದ್ರೆ ಈ ಬಿಲ್ಲಿಗೆ ಹಾಕಿ ಹಿಂಜಿಬಿಡ್ತೀನಿ."

"ಅಮ್ಮಾ, ಅದು ನಮ್ಮನೆ ಬಲ್ಬು" ಎಂದ ಕೊಟ್ರಬಸಪ್ಪ.

"ನಿಮ್ಮದಾದ್ರೆ ನೀರಿಗೆ ಯಾಕೆ ಬಿಟ್ರಿ?"

"ಒಳಗೆ ಕರೆಂಟು ಐತೆ ಅಂತ."

"ಇರ್ಲಿ ಬಿಡ್ರಿ. ನಮ್ಮ ಮಗೂಗೆ ಅದು ಏನೂ ಮಾಡಿಲ್ಲ."

ಇಮಾಮ್‌ಸಾಬ್ ಮೆಲ್ಲನೆ, "ಕರೆಂಟಿನ ಮಾತು ಬಿಡವ್ವ. ಗಾಜು ಅದು. ದಾರ ಹರಿದ್ರೆ ಮಗು ಮುಖದ ಮ್ಯಾಲೆ ಬೀಳ್ತೈತೆ. ನಾನು ಗಾಜಿನಾಗೆ ಬದುಕಿರೋನು, ನನ್ನ ಕೈ ನೋಡು" ಎಂದು ಗೀರುಗಳಿದ್ದ ಅಂಗೈ ಚಾಚಿದ. ಮೆಹರಾಜ್ ಬೇಗಂ ಸರಕ್ಕನೆ ಮೇಲೆ ನೋಡಿದಳು. ಅಮೀರ್‌ಜಾನ್ ಮಾತ್ರ ಅಲುಗಲಿಲ್ಲ.

ಆಗ ಕೊಟ್ರಬಸಪ್ಪ ನೆಲದ ಮೇಲೆ ಕೂತುಬಿಟ್ಟ. ಜಾಣತನದ ಮಾತು ಅವನಲ್ಲಿ ಮೊದಲೇ ಇರಲಿಲ್ಲ, ಈಗ ಸುಳ್ಳೂ ಹೊಳೆಯಲಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದಂತೆ ಹೇಳಿದ. ತಾಯಿಯ ಕಣ್ಣು, ಜಗಳೂರಿನ ಚಿಕ್ಕವ್ವ, ನಾಳೆಯ ಬಸ್ಸು, ಬೈಲಪ್ಪನ ಕಾಯಿದೆ. ಹೇಳುತ್ತಾ ಹೇಳುತ್ತಾ ಅವನ ಮೂಗಿನ ತುದಿಯ ಮೇಲೆ ಹತ್ತಿಯ ಎಳೆಯೊಂದು ಬಂದು ಕೂತಿತು. ಅದನ್ನು ತೆಗೆಯುವುದೂ ಅವನಿಗೆ ತೋಚಲಿಲ್ಲ.

ಅಮೀರ್‌ಜಾನ್ ತಾನೂ ನೆಲದ ಮೇಲೆ ಕೂತಳು. "ನ್ಯಾಮತಿಯಾಗೆ ನನ್ನ ಅಕ್ಕ ಇದ್ಲು" ಎಂದಳು ಆಮೇಲೆ. "ನೋಡ್ಬೇಕು ಬಾ ಅಂತ ಹೇಳಿ ಕಳಿಸಿದ್ಲು. ಹೊಳೆ ತುಂಬಿ ದೋಣಿ ನಿಂತಿತ್ತು. ನಾನು ಹೋಗೋದ್ರಾಗೆ ಮಣ್ಣು ಕೊಟ್ಟಾಗಿತ್ತು." ಎದ್ದುಹೋಗಿ ತಾನೇ ದಾರ ಬಿಚ್ಚಿ, ಬಲ್ಬನ್ನು ಒಂದು ಬುಟ್ಟಿ ಹಿಂಜಿದ ಹತ್ತಿಯೊಳಗೆ ಹುದುಗಿಸಿ ಅವನ ಕೈಗಿಟ್ಟಳು. "ಹೋಗು. ಆದ್ರೆ ಮಗು ಏಳೋದ್ರಾಗೆ ಚಿಣ್ ಅನ್ನೋದು ಏನಾದ್ರೂ ಇಟ್ಟು ಹೋಗು."

ಕೊಟ್ರಬಸಪ್ಪ ಹಿಂದೆ ಮುಂದೆ ನೋಡದೆ ಉಡಿದಾರದಿಂದ ಬೀಗದಕೈ ಗೊಂಚಲನ್ನು ಬಿಚ್ಚಿ ತೊಟ್ಟಿಲ ಮೇಲೆ ಕಟ್ಟಿದ. ಮಗು ಒಂದು ಕಣ್ಣು ತೆರೆದು, ಹೊಸ ಸದ್ದನ್ನು ಪರೀಕ್ಷಿಸಿ, ಪರವಾಗಿಲ್ಲವೆಂದು ಮತ್ತೆ ಮುಚ್ಚಿತು. ಅದು ಅವನ ಅಂಗಡಿಯ ಬೀಗದಕೈ ಎಂಬುದು ಅವನಿಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ಆಮೇಲೆ ಎಷ್ಟೋ ದಿನ ಅವನು ಹೆಂಚು ತೆಗೆದು ಅಂಗಡಿಯೊಳಗೆ ಇಳಿದು, ಕಿಟಕಿಯಲ್ಲಿ ವ್ಯಾಪಾರ ಮಾಡಿದ. ಗಿರಾಕಿಗಳು ಯಾರೂ ಕಾರಣ ಕೇಳಲಿಲ್ಲ.

ಬಸ್ಸು ಎರಡು ಕಡೆ ಕೆಟ್ಟು ನಿಂತು, ರಾತ್ರಿ ದಾರಿಯಲ್ಲೇ ಕಳೆದು, ಸೋಮವಾರ ಅವರು ಚನ್ನಗಿರಿ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ತಿಪ್ಪಮ್ಮ ಆಗಲೇ ಬಂದು, ಅಕ್ಕನ ಕೈ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತಿದ್ದಾಳೆಂದು ಬೀದಿಯ ಬಾಯಿಯಲ್ಲೇ ತಿಳಿಯಿತು. ಕೊಟ್ರಬಸಪ್ಪ ಇಮಾಮ್‌ಸಾಬ್‌ನೊಂದಿಗೆ ನೆಟ್ಟಗೆ ಲೈಟಾಫೀಸಿಗೆ ಓಡಿದ. ಬೈಲಪ್ಪ ಬಾಗಿಲು ಹಾಕುತ್ತಿದ್ದವನು, ಹತ್ತಿಯ ಬುಟ್ಟಿಯನ್ನು ನೋಡಿ ಮತ್ತೆ ತೆರೆದ.

"ಸಿಕ್ತೇನ್ರೀ! ಕೊಡ್ರಿ. ಒಂದು ಸಲ ಹಾಕಿ ನೋಡ್ತೀನಿ. ಹೋಗೈತೆ ಅಂತ ಖಾತ್ರಿ ಆಗ್ಬೇಕು, ಅದು ಕಾಯಿದೆ." ಬಲ್ಬನ್ನು ಪಂಚೆಯಲ್ಲಿ ಹಿಡಿದು ಗೋಡೆಯ ಹೋಲ್ಡರಿಗೆ ಸಿಕ್ಕಿಸಿ, ಗುಂಡಿ ಒತ್ತಿದ.

ಬಲ್ಬು ಹೊತ್ತಿಕೊಂಡಿತು.

ಮೂವರೂ ಕಣ್ಣು ಮುಚ್ಚಿಕೊಂಡರು. ಅದು ಮುಂಚಿನ ಹಳದಿ ಬೆಳಕಲ್ಲ. ಬೆಳ್ಳಗೆ, ಹಿಂಜಿದ ಹತ್ತಿಯಷ್ಟು ಬೆಳ್ಳಗೆ ಉರಿಯುತ್ತಿತ್ತು. ತೊಟ್ಟಿಲಲ್ಲಿ ತೂಗಿ ತೂಗಿ, ಹರಿದುಹೋಗಿದ್ದ ಒಳಗಿನ ತಂತಿ ಹೇಗೋ ಒಂದಕ್ಕೊಂದು ಕೊಂಡಿ ಹಾಕಿಕೊಂಡಿತ್ತು.

"ಇದು ಹೋಗಿಲ್ಲವಲ್ರೀ" ಎಂದ ಬೈಲಪ್ಪ ಕಠೋರವಾಗಿ. "ಉರಿಯೋ ಬಲ್ಬು ತಗಂಡು ಹೊಸಾದು ಕೊಡೋ ಕಾಯಿದೆ ಇಲ್ಲ."

"ಹೋಗಿತ್ತು ಸ್ವಾಮಿ! ದೇವರಾಣೆ ಹೋಗಿತ್ತು! ಇಡೀ ಬೀದಿ ಕೈಮುಗಿದೈತೆ!"

"ಹೋದದ್ದು ವಾಪಸ್ ಬಂದ್ರೆ ಅದಕ್ಕೆ ನಮ್ಮ ಆಫೀಸು ಹೊಣೆ ಅಲ್ಲ. ನೋಡ್ರಿ, ತಂತಿ ಬರೀ ಕೊಂಡಿ ಹಾಕ್ಕಂಡೈತೆ. ಒಂದು ಸಣ್ಣ ಅಲುಗಾಟ ಆದ್ರೆ ಕಳಚ್ತದೆ. ಹಂಗೇ ಹಿಡ್ಕಂಡು ಮನೆಗೆ ನಡೀರಿ. ಸೀನಬ್ಯಾಡ್ರಿ."

ಆ ಸಂಜೆ ಚನ್ನಗಿರಿಯ ಬೀದಿಯಲ್ಲಿ ನಡೆದ ಮೆರವಣಿಗೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮುಂದೆ ಇಮಾಮ್‌ಸಾಬ್ ಬಗ್ಗಿ ಬಗ್ಗಿ ದಾರಿಯ ಕಲ್ಲು ಎತ್ತಿ ಹಾಕುತ್ತಿದ್ದ. ಅವನ ಹಿಂದೆ ಕೊಟ್ರಬಸಪ್ಪ, ಹತ್ತಿಯ ಬುಟ್ಟಿಯನ್ನು ಎದೆಗಪ್ಪಿ, ಉಸಿರನ್ನೂ ಕಂತಿನಲ್ಲಿ ಬಿಡುತ್ತಾ, ತುಂಬು ಬಸುರಿಯ ಹಾಗೆ ಹೆಜ್ಜೆ ಇಡುತ್ತಿದ್ದ. ಕಾಯಿದೆ ಪಾಲನೆಯಾಗುವುದನ್ನು ನೋಡಲು ಹಿಂದೆ ಬೈಲಪ್ಪ. ಎದುರಿಗೆ ಬಂದ ಎತ್ತಿನ ಗಾಡಿಯನ್ನು ಜನ ನಿಲ್ಲಿಸಿ, ಎತ್ತಿನ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡರು. ಬೊಗಳಲು ಬಾಯಿ ತೆರೆದ ನಾಯಿಗೆ ಯಾರೋ ರೊಟ್ಟಿ ಹಾಕಿದರು. ಕೆಮ್ಮುವ ಮುದುಕರು ತಾವಾಗಿಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಊರು ನಿದ್ದೆಯಲ್ಲಿ ನಡೆಯುತ್ತಿರುವ ಹಾಗಿತ್ತು.

ಪಡಸಾಲೆಯಲ್ಲಿ ಹಣತೆ ಸಣ್ಣಗೆ ಉರಿಯುತ್ತಿತ್ತು. ಕೊಟ್ರಬಸಪ್ಪ ಮಣೆ ಹತ್ತಿದ. ಅವನ ಕಾಲನ್ನು ಬೈಲಪ್ಪ ಹಿಡಿದುಕೊಂಡ, ಬೈಲಪ್ಪನನ್ನು ಇಮಾಮ್‌ಸಾಬ್ ಹಿಡಿದುಕೊಂಡ. ಬಲ್ಬು ಹೋಲ್ಡರಿಗೆ ಕೂತಿತು. ಕಸ್ತೂರಮ್ಮ ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಬೆಳ್ಳನೆಯ ಬೆಳಕು ಮನೆಯನ್ನು ತುಂಬಿ, ಬಾಗಿಲು ದಾಟಿ, ಬೀದಿಯಲ್ಲಿ ನಿಂತಿದ್ದ ನಮ್ಮ ಮುಖದ ಮೇಲೂ ಬಿತ್ತು. ಅವಳು ಹಣತೆಯನ್ನು ಸರಿಸಿ ಶಾಂತ ಮಾಡಿದಳು.

ಕಲ್ಲಮ್ಮ ತಂಗಿಯ ಗದ್ದ ಹಿಡಿದಳು. ಬೇರೆಯವರನ್ನು ನೋಡಿದ ಹಾಗೆ ನೋಡಲಿಲ್ಲ. ಹಣೆಯಿಂದ ಶುರು ಮಾಡಿ, ಹುಬ್ಬು, ಮೂಗು, ಬಾಡಿದ ಕೆನ್ನೆ, ಒಂದೊಂದನ್ನೇ ಗುರುತು ಹಿಡಿಯುತ್ತಾ ಬಂದಳು.

"ತಿಪ್ಪೀ, ನೀನು ನಮ್ಮವ್ವನಂಗೇ ಆಗಿಬಿಟ್ಟೀಯಲ್ಲೇ."

"ನೀನು ಅಪ್ಪನಂಗೆ ಆಗೀಯ ಅಕ್ಕ. ಮೀಸೆ ಒಂದು ಕಮ್ಮಿ."

ಇಬ್ಬರೂ ನಕ್ಕರು. ಹಲ್ಲಿಲ್ಲದ ಬಾಯಿಗಳ ಆ ನಗು ನಿಲ್ಲಲೇ ಇಲ್ಲ. ನಗುತ್ತಾ ನಗುತ್ತಾ ಒಬ್ಬರ ಕಣ್ಣೀರನ್ನು ಒಬ್ಬರು ಒರೆಸಿದರು. ಬೀದಿಯಲ್ಲಿ ನಮಗೆಲ್ಲ ಕಣ್ಣು ಒದ್ದೆಯಾಗಿತ್ತು. ಬೈಲಪ್ಪನಿಗೆ ಸೀನು ಬಂತು. ಅವನು ಎರಡು ಕೈಯಲ್ಲಿ ಮೂಗು ಹಿಡಿದುಕೊಂಡ.

ಅವನ ತಪ್ಪೇನೂ ಇಲ್ಲ, ಅವನು ಸೀನಲಿಲ್ಲ. ಬಲ್ಬು ತಾನಾಗಿಯೇ ಟಕ್ ಎಂದಿತು. ಕತ್ತಲಾಯಿತು.

"ಅಯ್ಯೋ" ಎಂದಿತು ಬೀದಿ. ಕತ್ತಲಲ್ಲಿ ಕೊಟ್ರಬಸಪ್ಪನ ದನಿ ಒಡೆದು ಬಂತು. "ಅವ್ವಾ, ನಾಳೆ ಬೆಳಿಗ್ಗೆನೇ ಹೊಸಾದು ತರ್ತೀನವ್ವ. ಈಗ ನಿಜವಾಗ್ಲೂ ಹೋಗೈತೆ. ಬೈಲಪ್ಪನೋರು ಇಲ್ಲೇ ಅದಾರೆ, ಕಣ್ಣಾರೆ ನೋಡ್ಯಾರೆ!"

"ನೋಡೀನಿ. ಈಗ ಬರೋಬ್ಬರಿ ಕಾಯಿದೆ ಪ್ರಕಾರ ಹೋಗೈತೆ" ಎಂದ ಬೈಲಪ್ಪ ಮೂಗು ಹಿಡಿದುಕೊಂಡೇ.

ಕಸ್ತೂರಮ್ಮ ಹಣತೆಗಾಗಿ ತಡಕುವ, ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆಯುವ ಸದ್ದು ಕೇಳಿಸಿತು.

"ತಡಿಯೇ, ದೀಪ ಹಚ್ಚಬ್ಯಾಡ" ಎಂದಳು ಕಲ್ಲಮ್ಮ. ಅವಳ ದನಿಯಲ್ಲಿ ಯಾವ ಅವಸರವೂ ಇರಲಿಲ್ಲ. "ನಾನಿನ್ನೂ ನೋಡ್ತಾ ಇದ್ದೀನಿ."

ಕಸ್ತೂರಮ್ಮ ಕಡ್ಡಿಯನ್ನು ಗೀರದೆ ಹಾಗೇ ಕೈಯಲ್ಲಿ ಹಿಡಿದು ನಿಂತಳು. ನಾವೂ ಬೀದಿಯಲ್ಲಿ ನಿಂತೇ ಇದ್ದೆವು.